ಸರಕ್ಕೆ ನೂರು

ಕಾಡಪ್ಪ ಮಾಸ್ತರರು ಹೊಸ ಹುಡುಗಿಯರ ಕೈಗೆ ಚೆಂಡು ಕೊಡುತ್ತಿದ್ದುದು ಮೂರನೆಯ ವಾರ. ಮೊದಲ ಎರಡು ವಾರ ಬರೇ ಟವೆಲ್. ಟವೆಲಿನ ಒಂದು ತುದಿ ಬೆರಳಲ್ಲಿ ಹಿಡಿದು, ಎಡಗಾಲು ಎತ್ತಿ, ಮುಂದೆ ಇಟ್ಟು, ತೋಳು ಬೀಸಬೇಕು. ಎದುರಿಗಿದ್ದ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಇನ್ನೊಂದು ತುದಿ ಪಟ್ಟೆಂದು ಬಡಿಯಬೇಕು. ಡೊಂಬಿವಲಿಯ ಆ ಮೈದಾನಕ್ಕೆ ಬೆಳಿಗ್ಗೆ ವಾಕಿಂಗಿಗೆ ಬರುವವರು ನಿಂತು ನೋಡುತ್ತಿದ್ದರು. ನೊಣ ಓಡಿಸುವುದನ್ನು ಕಲಿಸುತ್ತೀರಾ ಎಂದು ಒಬ್ಬರು ಕೇಳಿದ್ದೂ ಉಂಟು.

"ಹೌದ್ರಿ, ನೊಣಾನಽ. ನಾಳಿಂದ ನೀವೂ ಬರ್ರಿ," ಎಂದಿದ್ದರು ಮಾಸ್ತರರು.

ಆಟ ಬೇಸ್‌ಬಾಲ್. ಮಾಸ್ತರರು ಅದನ್ನು ಪಟಿಯಾಲಾದಲ್ಲಿ ಆರು ವಾರದ ಒಂದು ಕೋರ್ಸಿನಲ್ಲಿ ಕಲಿತು ಬಂದಿದ್ದರು. ಬಾಗಲಕೋಟೆ ಕಡೆಯವರು, ಇಲ್ಲಿಯ ಶಾಲೆಯೊಂದರಲ್ಲಿ ಪಿ.ಟಿ. ಕಲಿಸುತ್ತ ಇಪ್ಪತ್ತು ವರ್ಷ ಕಳೆದಿದ್ದರು. ಈ ಆಟದಲ್ಲಿ ಎಲ್ಲವೂ ಚೆಂಡು ಎಸೆಯುವವಳ ಮೇಲೆ ನಿಂತಿರುತ್ತದೆ. ಅವಳಿಗೆ ಪಿಚರ್ ಎಂದು ಹೆಸರು. ಅರವತ್ತು ಅಡಿ ಆಚೆ ಕುಕ್ಕುರು ಕೂತ ಕ್ಯಾಚರಳ ಗ್ಲೌಸಿಗೆ ಅವಳು ಎಸೆಯಬೇಕು, ಬ್ಯಾಟು ಹಿಡಿದವಳ ಮೊಣಕಾಲಿಗೂ ಎದೆಗೂ ನಡುವೆ ಹಾಯುವಂತೆ. ಅಭ್ಯಾಸಕ್ಕೆಂದು ಮಾಸ್ತರರು ಎರಡು ಬಿದಿರುಗಳ ನಡುವೆ ದಾರ ಬಿಗಿದು ಅಷ್ಟೆತ್ತರದ ಕಿಟಕಿ ಮಾಡಿದ್ದರು. ಚೆಂಡು ದಾರದೊಳಗೆ ಹೋದರೆ ಪುಸ್ತಕದಲ್ಲಿ ಗೆರೆ, ಹೊರಗೆ ಹೋದರೆ ಸೊನ್ನೆ.

ಯಾರು ಮೊದಲು ಎಸೆಯಬೇಕು, ಯಾರು ಕಡೆಗೆ ಎಂಬುದನ್ನು ಅವರು ಅವಸರದಲ್ಲಿ ತೀರ್ಮಾನಿಸುತ್ತಿರಲಿಲ್ಲ. ಒಂದು ಪಂದ್ಯಕ್ಕೆ ಏಳು ಇನ್ನಿಂಗ್ಸ್. ಮೊದಲಿನವಳು ನಾಲ್ಕೈದು ಎಳೆಯಬೇಕು. ಕೊನೆಯವಳು ಬರುವುದೇ ಆರನೆಯದಕ್ಕೆ. "ಮೊದಲು ಒಗಿಯಾಕಿಗೆ ದಮ್ಮು ಬೇಕು. ಕಡೀಕ ಒಗಿಯಾಕಿಗೆ ಅಂಜಿಕಿ ಇರಬಾರದು. ಎರಡೂ ಬ್ಯಾರೆ ಬ್ಯಾರೆ ಗುಣ," ಎನ್ನುತ್ತಿದ್ದರು. ದಮ್ಮು ನೋಡಲಿಕ್ಕೆ ಅವರದೇ ಒಂದು ಪರೀಕ್ಷೆ ಇತ್ತು. ವರ್ಷಕ್ಕೆ ಒಮ್ಮೆ, ನೂರು ಎಸೆತ. ಮೊದಲಿನ ತೊಂಬತ್ತು ಹೇಗೂ ಹೋಗಲಿ, ಕೊನೆಯ ಹತ್ತರಲ್ಲಿ ಎಷ್ಟು ದಾರದೊಳಗೆ ಎಂಬುದಷ್ಟೇ ಲೆಕ್ಕ.

ಇನ್ನೊಂದು ನಿಯಮವೂ ಇತ್ತು. ಒಂದೇ ದಿನ ಐವತ್ತು ದಾಟಿ ನೂರರ ತನಕ ಎಸೆದವಳಿಗೆ ಮೂರು ದಿನ ಪೂರ್ತಿ ವಿಶ್ರಾಂತಿ, ನೂರು ದಾಟಿದರೆ ನಾಲ್ಕು ದಿನ. ಈ ನಿಯಮ ಪಟಿಯಾಲಾದಿಂದ ಬಂದದ್ದಲ್ಲ. ಏಳು ವರ್ಷದ ಹಿಂದೆ ಲತೀಶ ಎಂಬ ಹುಡುಗನಿದ್ದ. ಕಲ್ಯಾಣದ ಹೋಟೆಲೊಂದರ ಅಡಿಗೆಯವರ ಮಗ. ಅವನಷ್ಟು ಜೋರಾಗಿ ಎಸೆದವರನ್ನು ಮಾಸ್ತರರು ಆಮೇಲೆ ಕಂಡಿಲ್ಲ. ಎರಡು ಫೈನಲ್ ಒಂದೇ ವಾರದಲ್ಲಿ ಬಂದವು. ಎರಡಕ್ಕೂ ಅವನನ್ನೇ ಇಳಿಸಿದರು, ಎರಡನ್ನೂ ಗೆದ್ದರು. ಲತೀಶ ಈಗ ಭಿವಂಡಿಯ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಸ್ಕ್ಯಾನರ್ ಹಿಡಿಯುತ್ತಾನೆ, ಎಡಗೈಯಲ್ಲಿ. ಬಲಗೈ ತಲೆ ಬಾಚುವಷ್ಟು ಮೇಲೇಳುವುದಿಲ್ಲ.

೨೦೧೩ರ ಆ ಚಳಿಗಾಲದಲ್ಲಿ ಮಾಸ್ತರರ ಹತ್ತಿರ ಇಬ್ಬರು ಪಿಚರ್‌ಗಳಿದ್ದರು. ಸೋನಾಲಿ ಡೊಂಬಿವಲಿಯವಳೇ. ಅಶ್ಮಿತಾ ಶಹಾಡಿನಿಂದ ಬರುವವಳು, ಹತ್ತನೇ ಇಯತ್ತೆ. ಅವಳ ತಂದೆ ಕುಶಲ ಶೆಟ್ಟರದು ಶಹಾಡ್ ಸ್ಟೇಷನ್ ಪಕ್ಕ ಹೋಟೆಲು, ಕಾರ್ಖಾನೆಗಳ ಪಾಳಿಯ ಜನ ತಿಂದು ಹೋಗುವಂಥದು. ನಸುಕಿನ ಲೋಕಲಿಗೆ ಹುಡುಗಿ ಒಬ್ಬಳೇ ಹೋಗುವುದು ಬೇಡ ಎಂದು ಶೆಟ್ಟರು ತಮ್ಮ ಹೋಟೆಲಿನ ಹಳೆಯ ಗಿರಾಕಿ ಶಿವರಾಯರನ್ನು ಜೊತೆಗೆ ಕಳಿಸುತ್ತಿದ್ದರು.

ಶಿವರಾಯರು ಇಂಡಿ ತಾಲೂಕಿನವರು. ಶಹಾಡಿನ ಕಾರ್ಖಾನೆಯೊಂದರಲ್ಲಿ ಟೈಮ್‌ಕೀಪರ್ ಆಗಿದ್ದು ನಿವೃತ್ತರಾದವರು. ಚಿಕ್ಕಂದಿನಲ್ಲಿ ದಿನಾ ಸಂಜೆ ಅವರ ತಂದೆ ಕಟ್ಟೆಯ ಮೇಲೆ ಕೂತು ಕಾವ್ಯ ಓದುತ್ತಿದ್ದರು, ಊರವರು ಕೇಳುತ್ತಿದ್ದರು. ಮಗನಿಗೆ ರಾಗ ಬರಲಿಲ್ಲ. ಕಿವಿ ಮಾತ್ರ ಬಂತು. ಎಲ್ಲಿ ಉಸಿರು ಸಾಲದೆ ಪದ ತುಂಡಾಯಿತು ಎಂಬುದು ಕಣ್ಣು ಮುಚ್ಚಿದ್ದರೂ ತಿಳಿಯುತ್ತಿತ್ತು. ಮೈದಾನದಲ್ಲಿಯೂ ಅವರು ಕಲ್ಲುಬೆಂಚಿನ ಮೇಲೆ ಕಣ್ಣು ಮುಚ್ಚಿಯೇ ಕೂರುತ್ತಿದ್ದರು.

"ಸುಮ್ನ ಕೂಡೂದಕ್ಕಿಂತ ಎಣಿಸ್ರೆಲ್ಲ ಶಿವರಾಯರ," ಎಂದು ಮಾಸ್ತರರು ಅವರಿಗೆ ಕೆಲಸ ಹಚ್ಚಿದ್ದರು. ಎಣಿಸಲಿಕ್ಕೆ ಶಿವರಾಯರು ಒಂದು ತುಳಸಿಮಣಿ ಸರ ತಂದರು. ಜಪಕ್ಕೆ ಇದ್ದದ್ದಲ್ಲ, ಪಂಢರಪುರದಲ್ಲಿ ಕೊಂಡ ಇನ್ನೊಂದು. ಒಂದು ಎಸೆತಕ್ಕೆ ಒಂದು ಮಣಿ. ದಿನದ ಅಭ್ಯಾಸದಲ್ಲಿ ಮೂವತ್ತು, ನಲವತ್ತು, ಹೆಚ್ಚೆಂದರೆ ಐವತ್ತು. ಅಷ್ಟರಲ್ಲಿ ಮಾಸ್ತರರು ಸಾಕು ಎನ್ನುತ್ತಿದ್ದರು. ಸರ ಎಂದೂ ಒಂದು ಸುತ್ತು ಮುಗಿದಿರಲಿಲ್ಲ.

ಲೋಕಲಿನಲ್ಲಿ ಅಶ್ಮಿತಾ ಅವರಿಗೆ ಎಲ್ಲ ಹೇಳುತ್ತಿದ್ದಳು, ಅರ್ಧ ಹಿಂದಿ, ಅರ್ಧ ಕನ್ನಡ.

"ಅಜ್ಜ, ಹತ್ತನೇ ನಂತರ ಪಪ್ಪಾ ಬಂದ್ ಮಾಡ್ತಾರೆ."

"ಯಾರು ಹೇಳಿದ್ರು?"

"ಪಪ್ಪಾನೇ. ಒಂದು ಸಲ ಬಂದು ನೋಡ್ತೇನೆ, ನೋಡಿ ಹೇಳ್ತೇನೆ ಅಂದ್ರು. ಸಂಡೇ ಬರ್ತಾರೆ. ನೇರುಳ ಟೀಮಿನ ಜೊತೆ ಮ್ಯಾಚ್ ಉಂಟಲ್ಲ, ಅದಕ್ಕೆ. ಆದ್ರೆ ಎಂಟರಿಂದ ದಸ್ ಬಜೇ ತಕ್. ಬಸ್."

ಅದು ಶೆಟ್ಟರ ಹೋಟೆಲಿನ ಗಡಿಯಾರ. ಏಳೂವರೆಗೆ ಮೊದಲ ಪಾಳಿಯ ನಾಷ್ಟಾ ಮುಗಿಯುತ್ತದೆ. ಹನ್ನೊಂದಕ್ಕೆ ಊಟ ಶುರು. ನಡುವೆ ಎರಡು ಗಂಟೆ ಗಲ್ಲಾವನ್ನು ಭಾವನ ಕೈಗೆ ಬಿಡಬಹುದು. ಅದಕ್ಕಿಂತ ಹೆಚ್ಚು ಬಿಡುವವರಲ್ಲ ಅವರು. ಪಂದ್ಯ ಎಂಟೂ ಕಾಲಿಗೆ ಶುರುವಾದರೆ ಹತ್ತು ಗಂಟೆಗೆ ಐದನೇ ಇನ್ನಿಂಗ್ಸ್ ಮುಗಿದಿರುತ್ತದೋ ಇಲ್ಲವೋ. ಮೊದಲು ಎಸೆದರೆ ಮಾತ್ರ ತಂದೆ ನೋಡುತ್ತಾರೆ. ಕೊನೆಗೆ ಎಸೆಯುವವಳಾದರೆ, ಅವಳು ಎದ್ದು ನಿಲ್ಲುವ ಹೊತ್ತಿಗೆ ಅವರು ಕಲ್ಯಾಣ ದಾಟಿರುತ್ತಾರೆ.

ನೂರು ಎಸೆತದ ಪರೀಕ್ಷೆ ಬುಧವಾರ ನಡೆಯಿತು. ಮೈದಾನದ ಒಂದು ತುದಿಗೆ ಸೋನಾಲಿ, ಇನ್ನೊಂದು ತುದಿಗೆ ಅಶ್ಮಿತಾ. ತಂಡಕ್ಕೆ ಇದ್ದದ್ದು ಇಪ್ಪತ್ತನಾಲ್ಕು ಒಳ್ಳೆಯ ಚೆಂಡು. ಹಾಲಿನ ಪ್ಯಾಕೆಟ್ ಬರುವ ಎರಡು ಕ್ರೇಟುಗಳಲ್ಲಿ ಹನ್ನೆರಡು ಹನ್ನೆರಡು ಹಾಕಿದರು. ಹನ್ನೆರಡೂ ಎಸೆದ ಮೇಲೆ ಕ್ಯಾಚರ್ ಅವನ್ನು ಕೂಡಿಸಿ ಕ್ರೇಟು ತಂದುಕೊಡಬೇಕು. ಸೋನಾಲಿಯ ಲೆಕ್ಕ ಮಾಸ್ತರರೇ ಪೆನ್ಸಿಲಿನಲ್ಲಿ ಐದೈದು ಗೀಟು ಹಾಕಿ ಇಟ್ಟರು. ಅಶ್ಮಿತಾಳ ಲೆಕ್ಕ ಶಿವರಾಯರದು.

"ತೊಂಬತ್ತು ಆತಂದ್ರ ಒದರ್ರಿ. ಕಡೀ ಹತ್ತು ನಾನಽ ಬಂದು ನೋಡ್ತೀನಿ," ಎಂದಿದ್ದರು ಮಾಸ್ತರರು.

ಸೋನಾಲಿ ಮೊದಲು ಮುಗಿಸಿದಳು. ಕೊನೆಯ ಹತ್ತರಲ್ಲಿ ಏಳು ದಾರದೊಳಗೆ. ಸ್ವಲ್ಪ ಹೊತ್ತಿನ ಮೇಲೆ ಶಿವರಾಯರು ಕೈ ಎತ್ತಿ ತೊಂಬತ್ತು ಎಂದು ಕೂಗಿದರು. ಮಾಸ್ತರರು ಪುಸ್ತಕ ಹಿಡಿದು ಓಡಿ ಬಂದರು. ಅಶ್ಮಿತಾಳ ಹತ್ತರಲ್ಲಿ ಮೂರು ಒಳಗೆ, ಏಳು ಹೊರಗೆ. ಒಂದು ಚೆಂಡಂತೂ ಕ್ಯಾಚರ್ ಊರ್ಮಿಳಾಳ ತಲೆಯ ಮೇಲಿಂದ ಹಾರಿ ವಾಕಿಂಗಿನವರ ನಡುವೆ ಬಿತ್ತು. "ನೂರು," ಎಂದರು ಶಿವರಾಯರು.

ಗುರುವಾರ ಸಂಜೆ ಮಾಸ್ತರರು ಎಲ್ಲರನ್ನೂ ಕೂರಿಸಿ ಹೇಳಿದರು. ಭಾನುವಾರ ಸೋನಾಲಿ ಶುರು ಮಾಡುತ್ತಾಳೆ, ಅಶ್ಮಿತಾ ಆರನೇ ಇನ್ನಿಂಗ್ಸಿಗೆ.

"ಸರ್, ಆರನೇದು ಕಿತನೇ ಬಜೇ?"

"ಹತ್ತೂ ಕಾಲು, ಹತ್ತೂವರಿ. ಯಾಕ?"

"ಕುಛ್ ನಹೀಂ, ಸರ್."

ಮಾಸ್ತರರಿಗೆ ಕಾರಣ ಗೊತ್ತಿರಲಿಲ್ಲ. ಶಿವರಾಯರಿಗೆ ಗೊತ್ತಿತ್ತು. ಆದರೆ ಪುಸ್ತಕದಲ್ಲಿ ಬರೆದದ್ದರ ಮುಂದೆ ತಾವು ಏನು ಹೇಳುವುದು ಎಂದು ಸುಮ್ಮನಿದ್ದರು. ಅವರನ್ನು ಕಾಡಿದ್ದು ಬೇರೆ. ಬುಧವಾರ ಅಶ್ಮಿತಾಳ ಚೆಂಡು ಗ್ಲೌಸಿಗೆ ಬೀಳುವ ಸದ್ದು ಅವರ ಕಿವಿಯಲ್ಲಿತ್ತು. ದಪ್ಪನೆಯ ಒಂದೇ ಪೆಟ್ಟು, ಬಹಳ ಹೊತ್ತಿನ ತನಕ ಹಾಗೇ. ತುಂಡಾಗಿದ್ದು ತೀರ ಕೊನೆಗೆ, ಆರೇಳು ಮಣಿ ಉಳಿದಾಗ. ಅಲ್ಲಿಂದ ಮುಂದೆ ಅವಳ ಉಸಿರು ಮೊದಲು ಕೇಳುತ್ತಿತ್ತು, ಚೆಂಡು ಆಮೇಲೆ.

ಶುಕ್ರವಾರ ಪಿಚರ್‌ಗಳಿಗೆ ವಿಶ್ರಾಂತಿ. ಅಶ್ಮಿತಾ ಬರಲಿಲ್ಲ, ಶಿವರಾಯರು ಮಾತ್ರ ರೂಢಿಯಂತೆ ಬಂದಿದ್ದರು. ಉಳಿದವರು ಬ್ಯಾಟಿಂಗ್ ಮಾಡಿದರು. ಮುಗಿದ ಮೇಲೆ ಊರ್ಮಿಳಾ ಕಾಲು ಚಾಚಿ ಶಿವರಾಯರ ಬೆಂಚಿನ ಪಕ್ಕ ನೆಲದ ಮೇಲೆ ಕೂತಳು.

"ಅಜ್ಜ, ನನ್ನ ಮಂಡಿ ಇನ್ನೂ ನೋಯ್ತದ. ಮುಂದಿನ ಸಲ ನಾನು ಸೋನಾಲಿಗೆ ಕ್ಯಾಚ್ ಹಿಡೀತೀನಿ. ಆ ಕಡೆಯವರಿಗೆ ಕೆಲಸ ಕಮ್ಮಿ."

"ಕಮ್ಮಿ ಹೆಂಗವಾ? ಇಬ್ಬರೂ ನೂರು ಒಗದಾರ."

"ಹೆಂಗ್ ಅಂದ್ರ? ಸರ್ ಬಸ್ ಅಂದಾಗ ಅವರ ಕ್ರೇಟಿನಾಗ ಎಂಟು ಬಾಲ್ ಹಂಗಽ ಇದ್ವು. ನಮ್ಮದು ಪೂರಾ ಖಾಲಿ. ಕಡೀಕ ಕೂಡಿಸಿದ್ದೂ ಹಿಡಿದು ಒಂಬತ್ತು ಸಲ ತುಂಬೀನಿ ಅಜ್ಜ, ನಊ ವೇಳಾ. ನೀವು ಕಣ್ಣು ಮುಚ್ಚಿ ಕೂತಿದ್ರಿ, ನಿಮಗೇನು ಗೊತ್ತು."

ಹನ್ನೆರಡರ ಮಗ್ಗಿ ಶಿವರಾಯರಿಗೆ ಬರುತ್ತಿತ್ತು. ಹನ್ನೆರಡೆಂಟಲೆ ತೊಂಬತ್ತಾರು, ಮೇಲೆ ನಾಲ್ಕು ಎಸೆದರೆ ನೂರು, ಕ್ರೇಟಿನಲ್ಲಿ ಎಂಟು ಉಳಿಯಬೇಕು. ಹನ್ನೆರಡೊಂಬತ್ತಲೆ ನೂರಾ ಎಂಟು.

ಏಳನೇ ವಯಸ್ಸಿನಲ್ಲಿ ಶಿವರಾಯರ ಕೈಗೆ ಅವರ ಅಜ್ಜ ಮೊದಲ ಸರ ಕೊಟ್ಟಾಗ ಹೇಳಿಕೊಟ್ಟದ್ದು ಹೀಗೆ. ಸರದಲ್ಲಿ ಮಣಿ ನೂರಾ ಎಂಟು, ಲೆಕ್ಕ ನೂರು. ಎಂಟನ್ನು ಎಣಿಸಬಾರದು. ನಾಮ ಹೇಳುತ್ತ ಹೇಳುತ್ತ ಮನಸ್ಸು ಎಲ್ಲೆಲ್ಲೋ ಹೋಗಿರುತ್ತದೆ, ನಾಲಿಗೆ ತಪ್ಪಿರುತ್ತದೆ, ಆ ತಪ್ಪಿಗೆ ಎಂಟು ಬಿಟ್ಟದ್ದು. ಸರದ ತುದಿಯ ದೊಡ್ಡ ಮಣಿ, ಮೇರು, ಕೈಗೆ ಸಿಕ್ಕರೆ ನೂರು. ಮೇರುವಿಗೆ ಹತ್ತು ಮಣಿ ಮೊದಲು ಕೆಂಪು ನೂಲು ಕಟ್ಟಿರುತ್ತದೆ, ಅದು ಸಿಕ್ಕರೆ ತೊಂಬತ್ತು. ಅರವತ್ತು ವರ್ಷದಿಂದ ಅವರ ಹೆಬ್ಬೆರಳು ಹೀಗೇ ಎಣಿಸಿತ್ತು. ಬುಧವಾರ ಕೆಂಪು ನೂಲು ತಗುಲಿದಾಗ ಬಾಯಿ ತಾನಾಗಿ ತೊಂಬತ್ತು ಎಂದಿತ್ತು. ಆಗ ಹುಡುಗಿ ತೊಂಬತ್ತೆಂಟು ಎಸೆದಿದ್ದಳು.

ಅವರು ಸೀದಾ ಮಾಸ್ತರರ ಮನೆಗೆ ಹೋದರು. ಮಾಸ್ತರರು ಬನಿಯನ್ನಿನಲ್ಲಿ ಕೂತು ಹರಿದ ಗ್ಲೌಸಿಗೆ ಹೊಲಿಗೆ ಹಾಕುತ್ತಿದ್ದರು.

"ಮಾಸ್ತರ, ನನ್ನಿಂದ ತಪ್ಪಾಗೇತಿ."

"ಏನ್ ತಪ್ಪ್ರೀ? ಕೂಡ್ರಿ ಮೊದಲ."

ಶಿವರಾಯರು ನಿಂತುಕೊಂಡೇ ಹೇಳಿದರು. ಸರ, ಮೇರು, ಕೆಂಪು ನೂಲು, ಕ್ರೇಟು. ಮಾಸ್ತರರು ಸೂಜಿ ಚುಚ್ಚಿಟ್ಟು ಪುಸ್ತಕ ತೆಗೆದರು. ಅಶ್ಮಿತಾಳ ಹಾಳೆಯ ಮೇಲೆ ಬೆರಳಿಟ್ಟು ನೋಡಿದರು.

"ನಾ ನೋಡಿದ ಹತ್ತರಾಗ ಎಂಟು ನೂರರ ಆಚೀಗಿನವು ಅಂದಂಗಾತು. ಮೊದಲಿನ ಎರಡು ಹೆಂಗದಾವ? ಗೆರಿ, ಗೆರಿ. ಎರಡೂ ಒಳಗ." ಅವರು ತಲೆ ಎತ್ತಿದರು. "ಮಸ್ತ್ ಒಗದಾಳಲ್ರೀ ಹುಡುಗಿ. ದಮ್ಮಿಗೇನೂ ಕಡಿಮಿಲ್ಲ."

"ಇಲ್ಲ್ರಿ. ಆ ಎರಡರ ತನಕ ಸದ್ದು ಒಂದಽ ಇತ್ತು."

"ಸದ್ದು ಪುಸ್ತಕದಾಗ ಬರಿಯಾಕ ಬರಂಗಿಲ್ಲ. ಆದ್ರ ಇದು ಬರತೈತಿ." ಮಾಸ್ತರರು ನೂರು ಎಂದಿದ್ದನ್ನು ಹೊಡೆದು ಪಕ್ಕಕ್ಕೆ ೧೦೮ ಎಂದು ಬರೆದರು. ಬರೆದವರು ಪೆನ್ಸಿಲು ಎತ್ತದೆ ಹಾಗೇ ಕೂತರು.

"ಹಂಗಾದ್ರ ಐತವಾರ ಆಕಿನಽ ಮೊದಲು ಅಲ್ಲೇನ್ರಿ?" ಎಂದರು ಶಿವರಾಯರು. ಆಮೇಲೆ ಕಾರಣವನ್ನೂ ಹೇಳಿದರು. ಕುಶಲ ಶೆಟ್ಟರು ಎಂಟಕ್ಕೆ ಬರುವುದು, ಹತ್ತಕ್ಕೆ ಹೋಗುವುದು, ಹತ್ತನೇ ಆದ ಮೇಲೆ ಹುಡುಗಿ ಆಡುವುದೋ ಬಿಡುವುದೋ ಅಂದೇ ತೀರ್ಮಾನ ಆಗುವುದು.

ಮಾಸ್ತರರು ಎಲ್ಲ ಕೇಳಿದರು.

"ಶಿವರಾಯರ, ನೂರು ದಾಟಿದ್ರ ಎಷ್ಟು ದಿನ ಆರಾಮ?"

ಶಿವರಾಯರು ಬೆರಳು ಮಡಚಿದರು. ಗುರುವಾರ, ಶುಕ್ರವಾರ, ಶನಿವಾರ. ನಾಲ್ಕನೆಯ ಬೆರಳು ಭಾನುವಾರದ್ದು.

"ಐತವಾರ ಆಕಿ ಒಗಿಯಂಗಿಲ್ಲ. ಮೊದಲೂ ಇಲ್ಲ, ಕಡೀಕೂ ಇಲ್ಲ. ತೋಳಿಗೆ ಆರಾಮ ಅಂದ್ರ ಪೂರಾ ಆರಾಮ, ಬ್ಯಾಟೂ ಹಿಡಿಯಂಗಿಲ್ಲ."

"ಎಂಟಽ ಎಂಟು ಅಲ್ಲೇನ್ರೀ, ಮಾಸ್ತರ. ಅದೂ ನನ್ನ ತಪ್ಪಿಗೆ."

"ತಪ್ಪು ನಿಮ್ಮದಽ ಖರೆ. ಒಗದಿದ್ದು ಆಕಿ ಕೈ." ಮಾಸ್ತರರು ಗ್ಲೌಸನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. "ಲತೀಶನ ಟೈಮಿಗೆ ನಾನೂ ಹಿಂಗಽ ಅಂದಿದ್ದೆ. ಇನ್ನ ನಾಕಽ ನಾಕು, ಇನ್ನ ಐದಽ ಐದು ಅಂತ. ನೀವು ಬಂದು ಹೇಳಿದ್ದು ಚಲೋ ಆತು. ಹೇಳದ ಇದ್ರ ಆರನೇದಕ್ಕ ಇಳಿಸಿಬಿಡ್ತಿದ್ದೆ."

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಶಿವರಾಯರು ಶೆಟ್ಟರ ಹೋಟೆಲಿಗೆ ಹೋದರು. ಆ ಹೊತ್ತಿಗೆ ಮೇಜುಗಳು ಖಾಲಿ ಇರುತ್ತವೆ. ಶೆಟ್ಟರು ಗಲ್ಲಾದಲ್ಲಿ ಕೂತು ಪೇಪರು ಓದುತ್ತಿದ್ದರು. ಕ್ಲಾಸಿನಿಂದ ಬಂದ ಅಶ್ಮಿತಾ ಮೂಲೆಯ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದಳು. ಚಾ ಬರುವ ಮೊದಲೇ ಶಿವರಾಯರು ಹೇಳಿ ಮುಗಿಸಿದರು, ಇಬ್ಬರಿಗೂ ಕೇಳುವಂತೆ.

ಶೆಟ್ಟರು ನಕ್ಕರು. "ಎಂತ ಮಾರಾಯ್ರೆ ನೀವು! ನಮ್ಮ ಅಮ್ಮನೂ ಹಾಗೇ ಎಣಿಸುದು. ಸರಕ್ಕೆ ನೂರು. ಎಂಟು ದೇವರ ಬಾಬ್ತು. ಆದ್ರೆ ಅವರು ಬಾಲ್ ಎಣಿಸ್ಲಿಕ್ಕೆ ಹೋಗ್ಲಿಲ್ಲ."

ಅಶ್ಮಿತಾ ನಗಲಿಲ್ಲ. ಎದ್ದು ಬಂದಳು.

"ಅಜ್ಜ, ನೀವು ಸರ್‌ಗೆ ಯಾಕೆ ಹೇಳಿದ್ರಿ? ನೀವು ಚುಪ್ ಇದ್ದಿದ್ರೆ ನಾಳೆ ಮೈ ಖೇಲತೀ. ಪಪ್ಪಾ ನೋಡದಿದ್ರೂ ಆಡ್ತಿದ್ದೆ ತೋ."

"ಹೌದವಾ," ಎಂದರು ಶಿವರಾಯರು.

ಅವಳು ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅಡಿಗೆಯ ಕಡೆಯಿಂದ ಅವಳ ತಾಯಿ ಸುಂದರಿ ತುಳುವಿನಲ್ಲಿ ಏನಾಯಿತೆಂದು ಕೇಳಿದ್ದು, ಅವಳು ಹಿಂದಿಯಲ್ಲಿ ಏನಿಲ್ಲ ಎಂದದ್ದು ಹೊರಗೆ ಕೇಳಿಸಿತು.

ಶೆಟ್ಟರು ಪೇಪರು ಮಡಚಿದರು. "ಅಲ್ಲ, ಕೇಳ್ತೇನೆ ಅಂತ ಬೇಸರ ಮಾಡ್ಬೇಡಿ. ಒಳ್ಳೆ ಎಸಿತಾಳೆ ಅಂತೀರಿ. ನಾಳೆ ದೊಡ್ಡ ಮ್ಯಾಚು ಅಂತೀರಿ. ಎಂಟು ಬಾಲಿಗೆ ಅವಳನ್ನು ಕೂರಿಸುದಾ?"

"ಮಾಸ್ತರರ ಕಾಯ್ದೆ ಹಂಗೈತ್ರಿ."

"ಆ ಕಾಯ್ದೆ ಲತೀಶನಿಗೆ ಇರ್ಲಿಲ್ವಾ?"

"ಲತೀಶ ನಿಮಗ ಗೊತ್ತೇನ್ರಿ?" ಎಂದರು ಶಿವರಾಯರು.

"ಅವನ ಅಪ್ಪ ಕಲ್ಯಾಣ ಬಿಟ್ಟ ಮೇಲೆ ನನ್ನ ಹತ್ರ ಎರಡು ವರ್ಷ ಕೆಲಸಕ್ಕೆ ಇದ್ರು," ಎಂದರು ಶೆಟ್ಟರು. "ಹುಡುಗ ಊಟಕ್ಕೆ ಬರುದು, ಎಡಗೈಯಲ್ಲಿ ತಿನ್ನುದು. ಮೊದಲು ನಾನು ಬೈದೆ, ಎಂತದು ಎಡಗೈಯಲ್ಲಿ ಅಂತ. ಮತ್ತೆ ಗೊತ್ತಾಯ್ತು. ನನ್ನ ಹುಡುಗಿ ಚೆನ್ನಾಗಿ ಎಸಿತಾಳಾ ಇಲ್ವಾ, ಅದು ನಂಗೆ ನೋಡಿದ್ರೆ ಗೊತ್ತಾಗುದಿಲ್ಲ. ಎಸಿಸುವವರು ಯಾರು, ಅದು ನೋಡ್ಬೇಕಿತ್ತು. ಅವಳಿಗೆ ಹೇಳ್ಲಿಲ್ಲ ಅಷ್ಟೆ."

"ಹಂಗಾದ್ರ ನಾಳೆ ಬರ್ರಿ."

"ಇವಳು ಆಡುದಿಲ್ಲ ಅಂದ ಮೇಲೆ ಬಂದು ಎಂತ ಮಾಡುದು? ನೋಡುವ." ಚಾ ಬಂತು. ಇಬ್ಬರೂ ಕುಡಿದರು.

ಭಾನುವಾರದ ಲೋಕಲಿನಲ್ಲಿ ಅಶ್ಮಿತಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮೈದಾನದಲ್ಲಿ ಮಾಸ್ತರರು ಅವಳಿಗೆ ಒತ್ತಿದರೆ ಅಂಕಿ ಏರುವ ಸ್ಟೀಲಿನ ಕೌಂಟರ್ ಕೊಟ್ಟು, ಸೋನಾಲಿಯ ಎಸೆತ ಎಣಿಸು ಎಂದರು. "ಮ್ಯಾಚಿನಾಗ ಎಂಬತ್ತೈದಽ ಮಿತಿ. ಎಂಬತ್ತೈದು ಆದ ಕೂಡ್ಲೆ ಹೇಳು. ಎಂಬತ್ತಾರಕ್ಕಲ್ಲ." ಅವಳು ತಲೆಯಾಡಿಸಿ ತಂಡದ ಬೆಂಚಿನ ತುದಿಗೆ ಹೋಗಿ ಕೂತಳು. ಶಿವರಾಯರಿಗೆ ಅಂದು ಕೆಲಸವಿರಲಿಲ್ಲ. ಬೇಲಿಯ ಹತ್ತಿರ ನಿಂತರು.

ಎಂಟು ಹತ್ತಕ್ಕೆ ಕುಶಲ ಶೆಟ್ಟರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಲ್ಲಿ ಹೋಟೆಲಿನ ಚಪ್ಪಲಿ.

"ಬಂದು ಏನ್ ಮಾಡೂದು ಅಂದಿದ್ರಲ್ಲ?" ಎಂದರು ಶಿವರಾಯರು.

"ಎಂಟು ಬಾಲಿಗೆ ಹುಡುಗಿಯನ್ನು ಕೂರಿಸಿದ ಜನ ಯಾರು ಅಂತ ನೋಡ್ಲಿಕ್ಕೆ ಬಂದೆ. ಯಾವುದು ಅವರು?"

"ಆ ನೀಲಿ ಟೊಪಗಿ."

"ಅಷ್ಟು ಸಣ್ಣ ಜನವಾ?" ಶೆಟ್ಟರಿಗೆ ನಿರಾಸೆಯಾದಂತೆ ಕಂಡಿತು. "ನಾನು ಪೊಲೀಸಿನವರ ಹಾಗೆ ಇರಬಹುದು ಅಂದ್ಕೊಂಡಿದ್ದೆ."

ಸೋನಾಲಿ ಚೆನ್ನಾಗಿಯೇ ಎಸೆದಳು. ಮೂರು ಇನ್ನಿಂಗ್ಸ್ ನೇರುಳದ ಹುಡುಗಿಯರಿಗೆ ಒಂದೇ ರನ್. ನಾಲ್ಕನೆಯದರಲ್ಲಿ ಎರಡು ಹೋದವು. ಐದನೆಯದಕ್ಕೆ ಬಂದಾಗ ಡೊಂಬಿವಲಿಯವರದು ನಾಲ್ಕು, ನೇರುಳದವರದು ಮೂರು. ಅವರಿಗೆ ಇಬ್ಬರು ಔಟು, ಇಬ್ಬರು ರನ್ನಿಗೆ ಓಡಲು ಕಾದು ಬೇಸಿನಲ್ಲಿ. ಇನ್ನೊಬ್ಬಳು ಔಟಾದರೆ ಇನ್ನಿಂಗ್ಸ್ ಮುಗಿಯುತ್ತಿತ್ತು. ನೇರುಳದ ಅತ್ಯಂತ ಜೋರಿನ ಹುಡುಗಿ ಬ್ಯಾಟು ಹಿಡಿದು ಬಂದು ನಿಂತಿದ್ದಳು.

ಅಶ್ಮಿತಾ ಎದ್ದು ನಿಂತು ಕೈ ಎತ್ತಿದಳು. "ಸರ್, ಎಯ್ಟಿಫೈವ್."

ಮಾಸ್ತರರು ಅಂಪೈರರಿಗೆ ಕೈ ತೋರಿಸಿ ಒಳಗೆ ನಡೆದರು. ಸೋನಾಲಿ ಚೆಂಡನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಏನೋ ಬೇಡಿಕೊಂಡದ್ದು ಬೇಲಿಯ ತನಕ ಕೇಳಲಿಲ್ಲ, ಒಂದು ಬೆರಳು ಎತ್ತಿ ತೋರಿಸಿದ್ದು ಮಾತ್ರ ಕಂಡಿತು. ಮಾಸ್ತರರು ಅಂಗೈ ಚಾಚಿ ನಿಂತರು. ಸ್ವಲ್ಪ ಹೊತ್ತು ಹಾಗೇ ನಿಂತರು. ಚೆಂಡು ಬಂತು.

ಅಶ್ಮಿತಾಳನ್ನು ಇಳಿಸಿ ಎಂದು ಪಾಲಕರ ಗುಂಪಿನಿಂದ ಕೂಗು ಎದ್ದಿತು. "ಅಶ್ಮಿತಾಲಾ ಘ್ಯಾ, ಸರ್! ಅಶ್ಮಿತಾ!" ಯಾರೋ ಸೀಟಿ ಊದಿದರು. ಸೋನಾಲಿಯ ತಂದೆ, "ಒಂದು ಬಾಲ್ ಹೆಚ್ಚಾದ್ರ ಏನ್ ಕೈ ಉದುರತೈತೇನ್ರೀ?" ಎಂದು 'ರೀ'ಯನ್ನು ಎಳೆದು ಕೇಳಿದರು. ಮಾಸ್ತರರು ಆ ಕಡೆ ತಿರುಗಲಿಲ್ಲ. ಎಂಟನೇ ಇಯತ್ತೆಯ ಹುಡುಗಿಯೊಬ್ಬಳನ್ನು ಕರೆದು, ಅವಳ ಭುಜ ಹಿಡಿದು ಏನೋ ಹೇಳಿ, ಚೆಂಡು ಕೊಟ್ಟು ಬಂದರು.

"ಈಗ ನನ್ನ ಮಗಳು ಸುಮ್ನೆ ಇರಬಹುದಿತ್ತಲ್ಲ?" ಎಂದರು ಶೆಟ್ಟರು. "ಎರಡು ಬಾಲ್ ತಡ ಮಾಡಿ ಹೇಳಿದ್ರೆ ಯಾರಿಗೆ ಗೊತ್ತಾಗ್ತದೆ?"

"ಯಾರಿಗೂ ಗೊತ್ತಾಗೂದಿಲ್ಲ್ರಿ."

ಎಂಟನೆಯ ಇಯತ್ತೆಯವಳ ಎರಡನೇ ಎಸೆತವನ್ನು ನೇರುಳದವಳು ದೂರಕ್ಕೆ ಹೊಡೆದಳು. ಬೇಸಿನಲ್ಲಿದ್ದ ಇಬ್ಬರೂ ಓಡಿ ಮನೆಯ ಬೇಸು ಮುಟ್ಟಿದರು, ಎರಡು ರನ್. ಐದು, ನಾಲ್ಕು. ಪಾಲಕರು ತಲೆಯ ಮೇಲೆ ಕೈ ಇಟ್ಟುಕೊಂಡರು. ಮಾಸ್ತರರು ಪುಸ್ತಕದಲ್ಲಿ ಬರೆದುಕೊಂಡರು, ಪುಟ ತಿರುವಿದರು, ಮುಂದಿನ ಎಸೆತ ನೋಡಿದರು.

ಶೆಟ್ಟರು ಗಡಿಯಾರ ನೋಡಿದರು. ಹತ್ತಕ್ಕೆ ಹತ್ತು ನಿಮಿಷ ಇತ್ತು.

"ಲತೀಶನಿಗೆ ಆಗ ಯಾರೂ ಸಾಕು ಅನ್ಲಿಲ್ಲ," ಎಂದರು. ಇನ್ನೂ ಮೈದಾನದ ಕಡೆಯೇ ನೋಡುತ್ತಿದ್ದರು. "ಈಗ ಇವರು ಕಲಿತಿದ್ದಾರೆ. ಸೋಲ್ಲಿಕ್ಕೆ ಹೆದರುದಿಲ್ಲ." ಬೇಲಿಯಿಂದ ಕೈ ತೆಗೆದು ಧೂಳು ಕೊಡವಿಕೊಂಡರು. "ಶಿವರಾಯ್ರೆ, ಹನ್ನೊಂದನೇಗೆ ಯಾವ ಕಾಲೇಜಲ್ಲಿ ಈ ಆಟ ಉಂಟು?"

"ನನಗ ಗೊತ್ತಿಲ್ಲ್ರಿ. ಮಾಸ್ತರರನ್ನ ಕೇಳಬೇಕು."

"ಕೇಳಿ ಇಡಿ. ಹತ್ತಿರದ್ದು ಬೇಕು. ಠಾಣೆ ಆದ್ರೂ ಅಡ್ಡಿ ಇಲ್ಲ, ಅದಕ್ಕಿಂತ ಆಚೆ ಬೇಡ." ಅಷ್ಟು ಹೇಳಿ ಸ್ಟೇಷನ್ನಿನ ದಾರಿ ಹಿಡಿದರು. ಮಗಳನ್ನು ಕೂಗಿ ಕರೆಯಲಿಲ್ಲ. ಅವಳು ಕೌಂಟರಿನ ಮೇಲೆ ಕಣ್ಣಿಟ್ಟಿದ್ದಳು, ನೋಡಲಿಲ್ಲ.

ಪಂದ್ಯ ಆರು ನಾಲ್ಕಕ್ಕೆ ಮುಗಿಯಿತು, ನೇರುಳದವರು ಗೆದ್ದರು. ಕೈ ಕುಲುಕಿ ಆಯಿತು, ಸೋನಾಲಿ ಅತ್ತು ಆಯಿತು, ಊರ್ಮಿಳಾ ಮಂಡಿಗೆ ಮಂಜುಗಡ್ಡೆ ಹಿಡಿದು ಕೂತಳು. ಅಶ್ಮಿತಾ ಬೇಲಿಯ ಹತ್ತಿರ ಬಂದಳು. ಹಿಂದಿನ ದಿನ ಹೋಟೆಲಿನಲ್ಲಿ ಎದ್ದು ಹೋದ ಮೇಲೆ ಅವಳು ಶಿವರಾಯರ ಮುಖ ನೋಡಿ ಮಾತಾಡಿದ್ದು ಆಗಲೇ.

"ಪಪ್ಪಾ ಬಂದಿದ್ರಾ?"

"ಬಂದಿದ್ರು. ಎಂಟಕ್ಕಽ ಬಂದು ಹತ್ತರ ತನಕ ನಿಂತು ನೋಡಿ ಹೋದ್ರು."

"ಕ್ಯಾ ದೇಖಾ? ನಾನು ಬೆಂಚಿನ ಮೇಲೆ ಕೂತದ್ದು?" ಅವಳು ಕೌಂಟರಿನ ಅಂಕಿಯನ್ನು ಸೊನ್ನೆಗೆ ತಿರುಗಿಸಿದಳು. "ಏನು ಹೇಳಿದ್ರು?"

"ಹನ್ನೊಂದನೇ ಇಯತ್ತೆಗೆ ಯಾವ ಕಾಲೇಜಿನಾಗ ಈ ಆಟ ಐತಿ ಅಂತ ಕೇಳಿದ್ರು."

"ಸಚ್ಚೀ?" ಎಂದಳು ಅಶ್ಮಿತಾ.

"ಖರೇನಽ. ಮಾಸ್ತರರನ್ನ ಕೇಳಿ ಹೇಳ್ತೀನಿ ಅಂದೀನಿ."

"ನೀವು ಬೇಡ ಅಜ್ಜ, ರೆಹನೇ ದೋ. ನೀವು ಕೇಳಿದ್ರೆ ನಾಲ್ಕು ಕಾಲೇಜು ಮೂರು ಆಗಿ ಬರ್ತದೆ."

ಅವಳು ಅಲ್ಲಿಂದಲೇ ತಿರುಗಿ ಓಡಿದಳು. ಮಾಸ್ತರರು ಬಿದಿರಿನಿಂದ ದಾರ ಬಿಚ್ಚುತ್ತಿದ್ದರು. ಅವಳು ಕೇಳಿದ್ದಕ್ಕೆ ಒಂದು ಕ್ಷಣ ಕೈ ನಿಲ್ಲಿಸಿದರು, ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಕಲ್ಯಾಣದಲ್ಲಿ ಒಂದು, ಠಾಣೆಯಲ್ಲಿ ಎರಡು ಎಂದು ಹೆಸರು ಹೇಳುತ್ತ ಹೋದರು. ಕಾಗದ ಇರಲಿಲ್ಲ. ಅವಳು ಎಡಗೈಯ ಅಂಗೈ ಮೇಲೆ ಬರೆದುಕೊಂಡಳು.